ನನಗೆ ಅನಿಸಿದ್ದು, ನಾನು ಯೋಚಿಸಿದ್ದು: ಹೊಳಹನ್ನೂ ತರ್ಕವನ್ನೂ ಜೊತೆಯಾಗಿ ದುಡಿಸುವ ಬಗೆ

ಅಂತಃಪ್ರಜ್ಞೆಗೂ (ಇಲ್ಲಿ ಹೊಳಹು ಎನ್ನುವುದು ಇದನ್ನೇ) ತರ್ಕಕ್ಕೂ ನಡುವಿನ ಗೆರೆಯನ್ನು ಕನ್ನಡದ ವ್ಯಾಕರಣವೇ ಎಳೆದಿಟ್ಟಿದೆ. "ನನಗೆ ಅನಿಸಿತು", "ನನಗೆ ತೋಚಿತು", "ನನಗೆ ಹೊಳೆಯಿತು" ಎನ್ನುವಾಗ ನಾವು ಚತುರ್ಥಿ ವಿಭಕ್ತಿಯಲ್ಲಿ ನಿಂತಿರುತ್ತೇವೆ. ಅಲ್ಲಿ ಕೆಲಸ ಎಲ್ಲೋ ನಡೆದು ಅದರ ಫಲ ಮಾತ್ರ ನಮ್ಮ ಬಳಿಗೆ ಬಂದಿರುತ್ತದೆ. "ನಾನು ಯೋಚಿಸಿದೆ", "ನಾನು ಲೆಕ್ಕ ಹಾಕಿದೆ", "ನಾನು ತೀರ್ಮಾನಿಸಿದೆ" ಎನ್ನುವಾಗ ಕರ್ತೃಸ್ಥಾನಕ್ಕೆ ಬರುತ್ತೇವೆ, ಪ್ರತಿ ಹೆಜ್ಜೆಯ ಹೊಣೆಯನ್ನೂ ಹೊರುತ್ತೇವೆ. ಈ ಎರಡು ಬಗೆಯ ವಾಕ್ಯಗಳನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳುವುದು ಹೇಗೆ, ಯಾವುದಕ್ಕೆ ಯಾವಾಗ ಕೆಲಸ ಕೊಡಬೇಕು ಎಂಬುದೇ ಈ ಬರಹದ ವಿಷಯ. ಹೊಳಹನ್ನು ಅತಿಯಾಗಿ ನಂಬಿ ಕೆಟ್ಟವರೂ ತರ್ಕವನ್ನು ಅತಿಯಾಗಿ ನಂಬಿ ಕೆಟ್ಟವರೂ ಇದ್ದಾರೆ. ಆದರೆ ನಾನು ಗಮನಿಸಿದ ಮಟ್ಟಿಗೆ ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು ಮತ್ತೊಂದು: ನಿನ್ನೆ "ನನಗೆ ಅನಿಸಿತು" ಎಂದಿದ್ದದ್ದು, ನಡುವೆ ಯಾವ ಕೆಲಸವೂ ನಡೆಯದೆ, ಇಂದು "ನಾನು ಯೋಚಿಸಿ ತೀರ್ಮಾನಿಸಿದೆ" ಎಂದು ವೇಷ ಬದಲಿಸಿಕೊಂಡು ಬರುವುದು.

ಒಂದು ಸಣ್ಣ ಲೆಕ್ಕವನ್ನು ನೋಡಿ. ಕೊಳವೊಂದರಲ್ಲಿ ತಾವರೆಯ ಎಲೆಗಳು ಹರಡಿಕೊಳ್ಳುತ್ತಿವೆ. ಅವು ಮುಚ್ಚಿದ ಜಾಗ ಪ್ರತಿದಿನ ಇಮ್ಮಡಿಯಾಗುತ್ತದೆ. ಇಡೀ ಕೊಳ ಮುಚ್ಚಲು 48 ದಿನ ಬೇಕಾದರೆ ಅರ್ಧ ಕೊಳ ಮುಚ್ಚಲು ಎಷ್ಟು ದಿನ ಬೇಕು? ಶೇನ್ ಫ್ರೆಡರಿಕ್ 2005ರಲ್ಲಿ ಪ್ರಕಟಿಸಿದ ಮೂರು ಪ್ರಶ್ನೆಗಳ ಪರೀಕ್ಷೆಯಲ್ಲಿ ಇದೂ ಒಂದು. ಬಹಳ ಮಂದಿಗೆ ಥಟ್ಟನೆ ತೋಚುವುದು 24. ಸರಿಯಾದ ಉತ್ತರ 47, ಏಕೆಂದರೆ ಕೊನೆಯ ಒಂದು ದಿನದಲ್ಲೇ ಅರ್ಧವಿದ್ದದ್ದು ಪೂರ್ತಿಯಾಗುತ್ತದೆ. 24 ಎಂದವರ ತರ್ಕ ಎಲ್ಲಿಯೂ ಎಡವಿರುವುದಿಲ್ಲ. ಉತ್ತರ ಆಗಲೇ ಕೈಗೆ ಸಿಕ್ಕಿದ್ದರಿಂದ ಅದನ್ನು ಯಾರೂ ಕರೆದೇ ಇರುವುದಿಲ್ಲ. ಹೀಗಾಗಿ ತರ್ಕವನ್ನು ಹರಿತಗೊಳಿಸುವುದಕ್ಕಿಂತ ಮೊದಲು ಕಲಿಯಬೇಕಾದದ್ದು ಅದನ್ನು ಯಾವಾಗ ಕರೆಯಬೇಕು ಎಂಬುದನ್ನು.

ಹೊಳಹು ಎಲ್ಲಿಂದ ಬರುತ್ತದೆ

ವಿಧಾನಗಳಿಗೆ ಹೋಗುವ ಮುನ್ನ ಇದಿಷ್ಟನ್ನು ತಿಳಿದಿರಬೇಕು, ಮುಂದಿನ ಸಲಹೆಗಳೆಲ್ಲ ಇದರ ಮೇಲೆ ನಿಂತಿವೆ. 1973ರಲ್ಲಿ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಚದುರಂಗದ ಆಟಗಾರರಿಗೆ ನಿಜವಾದ ಆಟವೊಂದರ ನಡುವಿನ ಸ್ಥಿತಿಯನ್ನು 5 ಸೆಕೆಂಡುಗಳ ಕಾಲ ತೋರಿಸಿ, ನೆನಪಿನಿಂದ ಕಾಯಿಗಳನ್ನು ಮತ್ತೆ ಜೋಡಿಸಲು ಹೇಳಿದರು. ಮಾಸ್ಟರ್ ಮಟ್ಟದ ಆಟಗಾರ ಸುಮಾರು 16 ಕಾಯಿಗಳನ್ನು ಸರಿಯಾದ ಮನೆಗಳಲ್ಲಿ ಇಟ್ಟರೆ ಹೊಸಬ ಇಟ್ಟದ್ದು ಸುಮಾರು 4. ಅದೇ ಕಾಯಿಗಳನ್ನು ಮನಸ್ಸಿಗೆ ಬಂದಂತೆ ಚೆಲ್ಲಾಪಿಲ್ಲಿಯಾಗಿ ಇಟ್ಟು ತೋರಿಸಿದಾಗ ಇಬ್ಬರ ನಡುವಿನ ಅಂತರ ಹೆಚ್ಚುಕಡಿಮೆ ಅಳಿಸಿಹೋಯಿತು. ಮಾಸ್ಟರ್‌ನ ನೆನಪಿನ ಶಕ್ತಿ ದೊಡ್ಡದಾಗಿರಲಿಲ್ಲ. ವರ್ಷಗಟ್ಟಲೆ ಆಡಿ ಅವನು ಸಾವಿರಾರು ವಿನ್ಯಾಸಗಳ ಗುರುತು ಹಿಡಿದಿದ್ದ, ಹಾಗೂ ಆ ಪ್ರತಿಯೊಂದು ಗುರುತಿನ ಜೊತೆಗೂ ಮುಂದಿನ ನಡೆ ಅಂಟಿಕೊಂಡಿತ್ತು. ಅಂತಃಪ್ರಜ್ಞೆ ಎಂದರೆ ಗುರುತು ಹಿಡಿಯುವುದೇ ಹೊರತು ಅದಕ್ಕಿಂತ ನಿಗೂಢವಾದುದೇನೂ ಅಲ್ಲ ಎಂಬ ನಿಲುವಿಗೆ ಸೈಮನ್ ಬಂದದ್ದು ಇಂತಹ ಕೆಲಸಗಳ ಬಲದಿಂದ. ಇದರಿಂದ ನಮಗೆ ಸಿಗುವ ಉಪಯುಕ್ತ ಸೂತ್ರವೆಂದರೆ, ಹೊಳಹಿಗೆ ಶಾಲೆಯಿದೆ. ಅದು ಓದಿದ ಶಾಲೆ ಎಂಥದೋ ಅದರ ಮಾತಿನ ಬೆಲೆಯೂ ಅಂಥದು.

ತರ್ಕದ ಮಿತಿ ಬೇರೆ ಬಗೆಯದು. 1956ರಲ್ಲಿ ಜಾರ್ಜ್ ಮಿಲ್ಲರ್ ಒಮ್ಮೆಗೆ ಮನಸ್ಸಿನಲ್ಲಿ ಹಿಡಿದಿಡಬಹುದಾದ ಅಂಶಗಳು ಏಳರ ಆಸುಪಾಸು ಎಂದರು. ನಂತರದ ಸಂಶೋಧಕರು ಅದನ್ನು ನಾಲ್ಕರ ಹತ್ತಿರಕ್ಕೆ ಇಳಿಸಿದ್ದಾರೆ. ಹತ್ತು ಅಂಶಗಳಿರುವ ವಿಷಯವನ್ನು "ತಲೆಯಲ್ಲೇ ತೂಗಿ ನೋಡುತ್ತೇನೆ" ಎನ್ನುವವರು ನಿಜವಾಗಿ ನಾಲ್ಕನ್ನು ತೂಗಿ ಉಳಿದ ಆರನ್ನು ಹೊಳಹಿಗೆ ಬಿಟ್ಟಿರುತ್ತಾರೆ, ಅದೂ ತಮಗೆ ತಿಳಿಯದಂತೆ. ಆದ್ದರಿಂದ ಮುಂದೆ ಹೇಳುವುದಕ್ಕೆಲ್ಲ ಕಾಗದ ಮತ್ತು ಪೆನ್ನು ಬೇಕು.

ಅನಿಸಿದ್ದನ್ನು ಮೊದಲು ಬರೆದಿಡುವುದು

ಮುಖ್ಯವಾದ ನಿರ್ಧಾರವೊಂದು ಎದುರಾದಾಗ, ಯೋಚನೆಯನ್ನು ಶುರುಮಾಡುವ ಮುನ್ನ, ನಿಮಗೆ ಅನಿಸಿದ್ದನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ವಾಕ್ಯ "ನನಗೆ" ಎಂದೇ ಆರಂಭವಾಗಲಿ: "ಈ ಕೆಲಸ ಹೇಳಿದ ದಿನಕ್ಕೆ ಮುಗಿಯುವುದಿಲ್ಲ ಎಂದು ನನಗೆ ಅನಿಸುತ್ತಿದೆ" ಎನ್ನುವುದಾದರೆ "ನನಗೆ ಅನಿಸುತ್ತಿದೆ: ಈ ಕೆಲಸ ಹೇಳಿದ ದಿನಕ್ಕೆ ಮುಗಿಯುವುದಿಲ್ಲ" ಎಂದು ತಿರುಗಿಸಿ ಬರೆಯಿರಿ. ಕೃತಕವೆನಿಸಿದರೂ ಚಿಂತೆಯಿಲ್ಲ. ಅದರ ಪಕ್ಕದಲ್ಲಿ ದಿನಾಂಕ ಹಾಕಿ, ನಿಮ್ಮ ಭರವಸೆ ನೂರಕ್ಕೆ ಎಷ್ಟು ಎಂಬ ಅಂಕಿಯೊಂದನ್ನು ಹಾಕಿ, ಏನು ನಡೆದರೆ ಈ ಮಾತು ಸುಳ್ಳಾಗುತ್ತದೆ ಎಂಬುದನ್ನು ಬರೆಯಿರಿ. ಕಾರಣಗಳನ್ನು ಮಾತ್ರ ಸದ್ಯಕ್ಕೆ ಬರೆಯಬೇಡಿ.

ಮೊದಲು ಬರೆಯಬೇಕೇಕೆ ಎಂಬುದಕ್ಕೆ ಬರೂಕ್ ಫಿಶ್‌ಹಾಫ್ 1975ರಲ್ಲಿ ಪ್ರಕಟಿಸಿದ ಪ್ರಯೋಗಗಳು ಉತ್ತರ ಕೊಡುತ್ತವೆ: ಘಟನೆಯೊಂದರ ಫಲಿತಾಂಶ ತಿಳಿದವರು, ತಿಳಿಯದೆ ಇದ್ದಿದ್ದರೂ ತಾವು ಅದನ್ನೇ ಊಹಿಸುತ್ತಿದ್ದೆವು ಎಂದು ಪ್ರಾಮಾಣಿಕವಾಗಿಯೇ ನಂಬಿದರು. ಕೊಳದ ಲೆಕ್ಕಕ್ಕೆ 24 ಎಂದವರನ್ನು ಒಂದು ತಿಂಗಳ ನಂತರ ಕೇಳಿದರೆ "ಅದರಲ್ಲೇನೋ ಮೋಸವಿದೆ ಎಂದು ನನಗೆ ಆಗಲೇ ಅನಿಸಿತ್ತು" ಎನ್ನುವವರೂ ಸಿಗಬಹುದು. ಅವರು ಸುಳ್ಳು ಹೇಳುತ್ತಿರುವುದಿಲ್ಲ. ಬರೆದಿಡದ ಹೊಳಹು ಫಲಿತಾಂಶದ ಬಣ್ಣ ಹಚ್ಚಿಕೊಂಡುಬಿಡುತ್ತದೆ, ಮತ್ತೆ ಅದರಿಂದ ಕಲಿಯುವುದಕ್ಕೆ ಏನೂ ಉಳಿಯುವುದಿಲ್ಲ.

ಕಾರಣಗಳನ್ನು ಬರೆಯಬಾರದು ಎಂಬುದು ಹಲವರಿಗೆ ವಿಚಿತ್ರವಾಗಿ ಕಾಣುತ್ತದೆ. ರಿಚರ್ಡ್ ನಿಸ್ಬೆಟ್ ಮತ್ತು ತಿಮೊಥಿ ವಿಲ್ಸನ್ 1977ರಲ್ಲಿ ವರದಿ ಮಾಡಿದ ಪ್ರಯೋಗವೊಂದರಲ್ಲಿ, ಸಾಲಾಗಿ ಇಟ್ಟ ನಾಲ್ಕು ಜೊತೆ ಕಾಲುಚೀಲಗಳಲ್ಲಿ ಉತ್ತಮವಾದುದನ್ನು ಆರಿಸಲು ಜನರನ್ನು ಕೇಳಲಾಯಿತು. ನಾಲ್ಕೂ ಒಂದೇ ಬಗೆಯವು. ಆದರೂ ಬಲತುದಿಯಲ್ಲಿದ್ದ ಜೊತೆಗೆ ಎಡತುದಿಯದಕ್ಕಿಂತ ಹಲವು ಪಟ್ಟು ಹೆಚ್ಚು ಮಂದಿ ಒಲಿದರು, ಮತ್ತು ಕಾರಣ ಕೇಳಿದಾಗ ಒಬ್ಬರೂ ಇಟ್ಟ ಜಾಗದ ಮಾತೆತ್ತಲಿಲ್ಲ. ನೂಲಿನ ಹೆಣಿಗೆ, ಗುಣಮಟ್ಟ ಎಂದೆಲ್ಲ ವಿವರಿಸಿದರು. ಅಂದರೆ "ಏಕೆ ಅನಿಸಿತು" ಎಂಬ ಪ್ರಶ್ನೆಗೆ ನಾವು ಕೊಡುವ ಉತ್ತರ ಅನಿಸಿಕೆಯ ಮೂಲವನ್ನು ನೋಡಿ ಹೇಳಿದ್ದಾಗಿರದೆ, ಹೊರಗಿನವರಂತೆ ಊಹಿಸಿ ಹೇಳಿದ್ದಾಗಿರಬಹುದು. ವಿಲ್ಸನ್ ಮತ್ತು ಸಂಗಡಿಗರು 1993ರಲ್ಲಿ ಇದರ ಪರಿಣಾಮವನ್ನೂ ತೋರಿಸಿದರು: ಗೋಡೆಗೆ ಹಚ್ಚುವ ಚಿತ್ರಗಳಲ್ಲಿ ಒಂದನ್ನು ಆರಿಸಿ ಮನೆಗೆ ಒಯ್ಯುವ ಮುನ್ನ ಕಾರಣಗಳನ್ನು ಬರೆದವರು, ಕೆಲವು ವಾರಗಳ ನಂತರ ವಿಚಾರಿಸಿದಾಗ, ಸುಮ್ಮನೆ ಆರಿಸಿದವರಿಗಿಂತ ತಮ್ಮ ಆಯ್ಕೆಯ ಬಗ್ಗೆ ಕಡಿಮೆ ತೃಪ್ತರಾಗಿದ್ದರು. ಮಾತಿಗೆ ಸುಲಭವಾಗಿ ಸಿಗುವ ಕಾರಣಗಳು ಮಾತಿಗೆ ಸಿಗದವನ್ನು ಪಕ್ಕಕ್ಕೆ ತಳ್ಳಿದ್ದವು. ಆದ್ದರಿಂದ ಹೊಳಹನ್ನು ಕಾರಣಗಳಿಲ್ಲದೆ ಹಾಗೆಯೇ ದಾಖಲಿಸಿ. ಕಾರಣಗಳ ಸರದಿ ನಂತರ ಬರುತ್ತದೆ, ಆಗ ಅವು ಹೊಳಹಿನ ವಕೀಲರಾಗಿ ಅಲ್ಲ, ಸ್ವತಂತ್ರ ಸಾಕ್ಷಿಗಳಾಗಿ ಬರಬೇಕು.

ಹೊಳಹಿನ ವೇಷದಲ್ಲಿ ಬರುವವು

"ನನಗೆ" ಎಂದು ಆರಂಭವಾಗುವುದೆಲ್ಲ ಹೊಳಹಲ್ಲ. "ನನಗೆ ಬೇಕು", "ನನಗೆ ಭಯ", "ನನಗೆ ಸಾಕಾಗಿದೆ" ಎಂಬವೂ ಅದೇ ಬಾಗಿಲಿನಿಂದ ಒಳಬರುತ್ತವೆ, ಅದೇ ವೇಗದಲ್ಲಿ ಬರುತ್ತವೆ. ಆಸೆಯನ್ನು ಬೇರ್ಪಡಿಸಲು ಲಾಭವನ್ನು ತಿರುಗಿಸಿ ನೋಡಿ: ಇದೇ ಸಂಗತಿಯ ವಿರುದ್ಧ ಫಲಿತಾಂಶದಿಂದ ನನಗೆ ಅನುಕೂಲವಿದ್ದಿದ್ದರೆ ಆಗಲೂ ಹೀಗೆಯೇ ಅನಿಸುತ್ತಿತ್ತೇ? ದಣಿವನ್ನೂ ಸಿಟ್ಟನ್ನೂ ಬೇರ್ಪಡಿಸಲು ಒಂದು ರಾತ್ರಿ ಕಳೆಯಲಿ. ನಿದ್ದೆಯ ನಂತರವೂ ಉಳಿದದ್ದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ.

ಇವುಗಳಿಗಿಂತ ಕಪಟವಾದುದು ಪರಿಚಯ. ಒಂದೇ ಹೇಳಿಕೆಯನ್ನು ಮತ್ತೆ ಮತ್ತೆ ಕೇಳಿದವರಿಗೆ ಅದು ಹೆಚ್ಚು ನಿಜವೆನಿಸುತ್ತದೆ ಎಂಬುದನ್ನು ಹ್ಯಾಷರ್, ಗೋಲ್ಡ್‌ಸ್ಟೀನ್ ಮತ್ತು ಟೊಪ್ಪಿನೊ 1977ರಲ್ಲಿ ತೋರಿಸಿದರು, ಆ ಪರಿಣಾಮ ಅಂದಿನಿಂದ ಹಲವು ಸಲ ಮರುದೃಢಪಟ್ಟಿದೆ. ಸರಿ ಎಂಬ ಭಾವನೆಗೂ ಎಲ್ಲೋ ಕೇಳಿದ್ದೇನೆ ಎಂಬ ಭಾವನೆಗೂ ಒಳಗಿನಿಂದ ರುಚಿ ಒಂದೇ. ಆದ್ದರಿಂದ ಜಗತ್ತಿನ ಬಗ್ಗೆ ನಿಮಗೇನಾದರೂ ಬಲವಾಗಿ ಅನಿಸಿದರೆ, ಅದನ್ನು ಇತ್ತೀಚೆಗೆ ಎಷ್ಟು ಸಲ ಕೇಳಿದಿರಿ, ಯಾರ ಬಾಯಿಂದ ಕೇಳಿದಿರಿ ಎಂದು ನೆನಪಿಸಿಕೊಳ್ಳಿ. ಹತ್ತು ಸಲ ಒಬ್ಬರಿಂದಲೇ ಕೇಳಿದ್ದರೆ ಅದು ಒಂದೇ ಸಾಕ್ಷಿ.

ಹೊಳಹು ಓದಿದ ಶಾಲೆ ಯಾವುದು

ಅಂತಃಪ್ರಜ್ಞೆಯನ್ನು ಸಂಶಯಿಸುತ್ತಿದ್ದ ಮನಃಶಾಸ್ತ್ರಜ್ಞ ಡೇನಿಯಲ್ ಕಾನಮನ್ ಮತ್ತು ಅನುಭವಿಗಳ ಅಂತಃಪ್ರಜ್ಞೆಯನ್ನು ಮೆಚ್ಚುತ್ತಿದ್ದ ಗ್ಯಾರಿ ಕ್ಲೈನ್ ಹಲವು ವರ್ಷ ಚರ್ಚಿಸಿ 2009ರಲ್ಲಿ ಒಟ್ಟಿಗೆ ಲೇಖನವೊಂದನ್ನು ಬರೆದರು. ತಾವು ಒಪ್ಪುವುದಿಲ್ಲವೆಂದು ಭಾವಿಸಿದ್ದ ವಿಷಯದಲ್ಲಿ ಅವರಿಬ್ಬರೂ ಎರಡು ಷರತ್ತುಗಳಿಗೆ ಒಪ್ಪಿದ್ದರು. ಮೊದಲನೆಯದು, ಆ ಕ್ಷೇತ್ರದಲ್ಲಿ ಕಾಣುವ ಸುಳಿವಿಗೂ ಆಗುವ ಫಲಕ್ಕೂ ನಡುವೆ ಸ್ಥಿರವಾದ ಸಂಬಂಧ ಇರಬೇಕು. ಎರಡನೆಯದು, ಆ ಸಂಬಂಧವನ್ನು ಕಲಿಯುವಷ್ಟು ಅಭ್ಯಾಸವೂ, ತಾನು ಸರಿಯೋ ತಪ್ಪೋ ಎಂಬುದು ಬೇಗ ಹಾಗೂ ಸ್ಪಷ್ಟವಾಗಿ ತಿಳಿಯುವ ಅವಕಾಶವೂ ಆ ವ್ಯಕ್ತಿಗೆ ಸಿಕ್ಕಿರಬೇಕು. ಭರವಸೆಯ ತೀವ್ರತೆ ಈ ಪಟ್ಟಿಯಲ್ಲಿ ಇಲ್ಲ ಎಂಬುದನ್ನು ಗಮನಿಸಿ. ಅರಿವಳಿಕೆ ತಜ್ಞರಿಗೆ ತಾವು ಮಾಡಿದ್ದರ ಫಲ ನಿಮಿಷಗಳಲ್ಲಿ ಕಣ್ಣೆದುರಿಗೆ ಕಾಣುತ್ತದೆ; ಎಕ್ಸ್‌ರೇ ನೋಡಿ ಅಭಿಪ್ರಾಯ ಬರೆಯುವವರಿಗೆ ಅದು ಎಷ್ಟೋ ಸಲ ತಡವಾಗಿ ತಲುಪುತ್ತದೆ, ಕೆಲವು ಸಲ ತಲುಪುವುದೇ ಇಲ್ಲ. ಒಬ್ಬರ ಇಪ್ಪತ್ತು ವರ್ಷದ ಅನುಭವವೂ ಇನ್ನೊಬ್ಬರ ಇಪ್ಪತ್ತು ವರ್ಷದ ಅನುಭವವೂ ಕ್ಯಾಲೆಂಡರಿನಲ್ಲಿ ಮಾತ್ರ ಸಮ.

ನಿಮ್ಮ ಹೊಳಹಿನ ಕೆಳಗೆ ಹೀಗಾಗಿ ಮೂರು ಪ್ರಶ್ನೆಗಳಿಗೆ ಉತ್ತರ ಬರೆಯಿರಿ: ಇಂಥದೇ ಸಂದರ್ಭವನ್ನು ನಾನು ಎಷ್ಟು ಸಲ ಎದುರಿಸಿದ್ದೇನೆ, ಪ್ರತಿ ಸಲವೂ ಕೊನೆಗೆ ಏನಾಯಿತೆಂದು ನನಗೆ ತಿಳಿಯಿತೇ, ಅಂದಿನಿಂದ ಸಂದರ್ಭದ ನಿಯಮಗಳು ಬದಲಾಗಿಲ್ಲವೇ. ಮೂರಕ್ಕೂ ಉತ್ತರ ಚೆನ್ನಾಗಿದ್ದರೆ ಹೊಳಹಿಗೆ ಹೆಚ್ಚಿನ ತೂಕ ಕೊಡಿ, ಸಮಯವಿಲ್ಲದಿದ್ದರೆ ಅದರಂತೆಯೇ ನಡೆಯಿರಿ. ದೂರದ ರಾಜಕೀಯ ಭವಿಷ್ಯ, ಷೇರಿನ ಬೆಲೆ, ಒಮ್ಮೆಯೇ ಭೇಟಿಯಾದವರ ಸ್ವಭಾವ ಇವುಗಳಲ್ಲಿ ಉತ್ತರ ಸಾಮಾನ್ಯವಾಗಿ ಚೆನ್ನಾಗಿರುವುದಿಲ್ಲ.

ಇಲ್ಲಿ ಒಂದು ವ್ಯತ್ಯಾಸವನ್ನು ಸೇರಿಸಬೇಕು, ಇದು ನನ್ನ ಅಭಿಪ್ರಾಯ. "ಇದು ಹೀಗೆಯೇ ಆಗುತ್ತದೆ" ಎನ್ನುವ ಹೊಳಹಿಗಿಂತ "ಇಲ್ಲೇನೋ ಸರಿಯಿಲ್ಲ" ಎನ್ನುವ ಹೊಳಹು ಹೆಚ್ಚು ನಂಬಿಕೆಗೆ ಅರ್ಹ. ಕ್ಲೈನ್ ದಾಖಲಿಸಿದ ಅಗ್ನಿಶಾಮಕ ಅಧಿಕಾರಿಯೊಬ್ಬನ ಪ್ರಸಂಗ ಪ್ರಸಿದ್ಧ: ಮನೆಯೊಂದರ ಹಿಂಬದಿಯಲ್ಲಿ ಕಂಡ ಬೆಂಕಿಗೆ ನೀರು ಹಾಯಿಸುತ್ತಿದ್ದಾಗ, ಬೆಂಕಿ ನಿರೀಕ್ಷೆಯಂತೆ ತಗ್ಗಲಿಲ್ಲ, ಕೋಣೆ ಆ ಬೆಂಕಿಯ ಗಾತ್ರಕ್ಕೆ ಮೀರಿ ಬಿಸಿಯಾಗಿತ್ತು, ಸದ್ದು ಮಾತ್ರ ಕಡಿಮೆಯಿತ್ತು. ಕಾರಣ ತಿಳಿಯದೆಯೇ ಅವನು ತನ್ನವರನ್ನೆಲ್ಲ ಹೊರಗೆ ಕರೆದ. ಸ್ವಲ್ಪ ಹೊತ್ತಿನಲ್ಲೇ ಅವರು ನಿಂತಿದ್ದ ನೆಲ ಕುಸಿಯಿತು, ಏಕೆಂದರೆ ಬೆಂಕಿಯ ಮೂಲ ನೆಲಮಾಳಿಗೆಯಲ್ಲಿತ್ತು. ತನ್ನನ್ನು ಕಾಪಾಡಿದ್ದು ಅತೀಂದ್ರಿಯ ಶಕ್ತಿ ಎಂದು ಅವನು ನಂಬಿದ್ದ. ಹೊಳಹು ಸರಿ, ಅದಕ್ಕೆ ಅವನು ಕೊಟ್ಟ ಕಾರಣ ತಪ್ಪು, ಎರಡೂ ಏಕಕಾಲಕ್ಕೆ. ಮುಂದೇನಾಗುತ್ತದೆ ಎಂಬುದು ಅವನಿಗೆ ಹೊಳೆದಿರಲಿಲ್ಲ ಎಂಬುದನ್ನೂ ನೋಡಿ. ತಾನು ಕಂಡ ಬೆಂಕಿಗಳ ಮಾದರಿಗೆ ಇದು ಹೊಂದುವುದಿಲ್ಲ ಎಂಬುದಷ್ಟೇ ಅವನಿಗೆ ತಟ್ಟಿತ್ತು. ಅನುಭವವಿರುವ ಕ್ಷೇತ್ರದಲ್ಲಿ ಇಂತಹ ಕಸಿವಿಸಿ ಬಂದರೆ, ಕಾರಣ ಸಿಗಲಿಲ್ಲವೆಂಬ ಒಂದೇ ನೆಪದಿಂದ ಅದನ್ನು ಬದಿಗಿಡಬೇಡಿ. ಮರಳಿ ಬರಲಾಗದ ಹೆಜ್ಜೆಯನ್ನು ಇಡುವ ಮುನ್ನ ನಿಂತು ನೋಡಿ.

ಶಾಲೆಗೇ ಹೋಗದ ಹೊಳಹನ್ನು ಕೊನೆಗೆ ಕೂರಿಸುವುದು

ಹೊಸ ಕ್ಷೇತ್ರದಲ್ಲಿ ಹೊಳಹನ್ನು ಹತ್ತಿಕ್ಕುವುದು ಆಗದ ಮಾತು, ಆದರೆ ಅದರ ಸರದಿಯನ್ನು ಮುಂದೂಡಬಹುದು. 1950ರ ದಶಕದ ನಡುವಿನಲ್ಲಿ ಇಸ್ರೇಲಿನ ಸೇನೆಯಲ್ಲಿದ್ದ ಯುವಕ ಕಾನಮನ್‌ಗೆ ಹೊಸ ಸೈನಿಕರ ಸಂದರ್ಶನ ಪದ್ಧತಿಯನ್ನು ಸುಧಾರಿಸುವ ಕೆಲಸ ಬಂತು. ಅಲ್ಲಿಯವರೆಗೆ ಸಂದರ್ಶಕರು ಹರಟೆಯಂತೆ ಮಾತನಾಡಿ ಒಟ್ಟಾರೆ ಅಭಿಪ್ರಾಯ ಕೊಡುತ್ತಿದ್ದರು, ಅದರಿಂದ ಉಪಯೋಗವಾಗುತ್ತಿರಲಿಲ್ಲ. ಕಾನಮನ್ ಆರು ಗುಣಗಳನ್ನು ಗೊತ್ತುಮಾಡಿ, ಪ್ರತಿಯೊಂದಕ್ಕೂ ನಡೆದ ಸಂಗತಿಗಳನ್ನೇ ಕೇಳಿ, ಒಂದು ಗುಣಕ್ಕೆ ಅಂಕ ಕೊಟ್ಟು ಮುಗಿಸಿದ ಮೇಲೆಯೇ ಮುಂದಿನದಕ್ಕೆ ಹೋಗಬೇಕೆಂದರು. ತಮ್ಮನ್ನು ಯಂತ್ರಗಳನ್ನಾಗಿ ಮಾಡುತ್ತಿದ್ದಾರೆಂದು ಸಂದರ್ಶಕರು ಗೊಣಗಿದಾಗ, ಎಲ್ಲ ಅಂಕಗಳೂ ಮುಗಿದ ಮೇಲೆ ಕಣ್ಣು ಮುಚ್ಚಿ ಆ ಯುವಕನನ್ನು ಸೈನಿಕನಾಗಿ ಕಲ್ಪಿಸಿಕೊಂಡು ಒಂದು ಅಂಕ ಕೊಡಿ ಎಂದರು. ಆರು ಅಂಕಗಳ ಮೊತ್ತ ಹಳೆಯ ಪದ್ಧತಿಗಿಂತ ಬಹಳ ಚೆನ್ನಾಗಿ ಕೆಲಸ ಮಾಡಿತು. ಅಚ್ಚರಿಯೆಂದರೆ ಕಣ್ಣುಮುಚ್ಚಿ ಕೊಟ್ಟ ಅಂಕವೂ ಅಷ್ಟೇ ಚೆನ್ನಾಗಿ ಕೆಲಸ ಮಾಡಿತು. ಮೊದಲೇ ಮಾತನಾಡಿದ್ದರೆ ಹಾಳುಮಾಡುತ್ತಿದ್ದ ಹೊಳಹು, ಕ್ರಮವಾಗಿ ಸಂಗತಿಗಳನ್ನು ನೋಡಿದ ಮೇಲೆ ಮಾತನಾಡಿ ನೆರವಾಗಿತ್ತು.

ಇದನ್ನು ಬಳಸುವ ಬಗೆ ಸರಳ. ವಿಷಯವನ್ನು ಒಂದರ ಮೇಲೊಂದು ಅವಲಂಬಿಸದ ಐದಾರು ಅಂಶಗಳಾಗಿ ಒಡೆಯಿರಿ, ಪ್ರತಿಯೊಂದಕ್ಕೂ ಒಂದರಿಂದ ಐದರವರೆಗೆ ಅಂಕ ಕೊಡಿ, ಒಂದು ಅಂಶವನ್ನು ಎಲ್ಲ ಆಯ್ಕೆಗಳಿಗೂ ಕೊಟ್ಟು ಮುಗಿಸಿ ಮುಂದಿನದಕ್ಕೆ ಹೋಗಿ. ಒಂದೇ ಆಯ್ಕೆಗೆ ಆರೂ ಅಂಕಗಳನ್ನು ಒಟ್ಟಿಗೆ ಕೊಡಹೊರಟರೆ ಮೊದಲಿನ ಅಂಕದ ನೆರಳು ಉಳಿದವುಗಳ ಮೇಲೆ ಬೀಳುತ್ತದೆ. ಪಟ್ಟಿ ಚಿಕ್ಕದಾಗಿರುವುದಕ್ಕೆ ಹಿಂಜರಿಯಬೇಡಿ: ವರ್ಜೀನಿಯಾ ಆಪ್ಗರ್ 1953ರಲ್ಲಿ ಪ್ರಕಟಿಸಿದ, ನವಜಾತ ಶಿಶುವಿನ ಸ್ಥಿತಿಯನ್ನು ಅಳೆಯುವ ಪದ್ಧತಿಯಲ್ಲಿ ಐದೇ ಅಂಶಗಳಿವೆ, ಪ್ರತಿಯೊಂದಕ್ಕೂ ಸೊನ್ನೆ, ಒಂದು ಅಥವಾ ಎರಡು ಅಂಕ; ಇಂದಿಗೂ ಅದು ಹೆರಿಗೆ ಕೋಣೆಗಳಲ್ಲಿ ಬಳಕೆಯಲ್ಲಿದೆ. ಪಾಲ್ ಮೀಲ್ 1954ರಲ್ಲೇ, ತಜ್ಞರ ಒಟ್ಟಾರೆ ಅಭಿಪ್ರಾಯಕ್ಕಿಂತ ಸರಳ ಲೆಕ್ಕದ ಸೂತ್ರಗಳು ಕೆಳಗಿರುವುದು ಅಪರೂಪ ಎಂದು ವಾದಿಸಿದ್ದರು. 2000ದಲ್ಲಿ ಪ್ರಕಟವಾದ, 136 ಅಧ್ಯಯನಗಳ ಪರಿಶೀಲನೆಯಲ್ಲಿ ತಜ್ಞರು ಸೂತ್ರವನ್ನು ಸ್ಪಷ್ಟವಾಗಿ ಮೀರಿಸಿದ್ದು ಬೆರಳೆಣಿಕೆಯ ಕಡೆ ಮಾತ್ರ.

ಎರಡೇ ಆಯ್ಕೆಗಳಿದ್ದು ಅಂಕ ಕೊಡುವುದು ಅತಿಯೆನಿಸಿದರೆ, ಬೆಂಜಮಿನ್ ಫ್ರಾಂಕ್ಲಿನ್ 1772ರಲ್ಲಿ ಜೋಸೆಫ್ ಪ್ರೀಸ್ಟ್‌ಲಿಗೆ ಬರೆದ ಪತ್ರದಲ್ಲಿನ ವಿಧಾನ ಸಾಕು. ಹಾಳೆಯ ನಡುವೆ ಗೆರೆ ಎಳೆದು, ಪರವಾದುದನ್ನು ಒಂದು ಕಡೆ, ವಿರುದ್ಧವಾದುದನ್ನು ಇನ್ನೊಂದು ಕಡೆ, ಮೂರು ನಾಲ್ಕು ದಿನಗಳ ಕಾಲ ಹೊಳೆದಂತೆ ಬರೆಯುತ್ತಾ ಹೋಗಿ, ನಂತರ ಸಮತೂಕದವನ್ನು ಎರಡೂ ಕಡೆಯಿಂದ ಹೊಡೆದುಹಾಕುವುದು. ಜನ ಈ ಎರಡು ಕಾಲಮ್ಮುಗಳನ್ನು ನೆನಪಿಟ್ಟು ಮೂರು ನಾಲ್ಕು ದಿನಗಳನ್ನು ಮರೆಯುತ್ತಾರೆ, ಆದರೆ ಬಲವೆಲ್ಲ ಇರುವುದು ಆ ದಿನಗಳಲ್ಲೇ. ಒಂದೇ ಕೂರುವಿಕೆಯಲ್ಲಿ ತುಂಬಿಸಿದ ಹಾಳೆ ಆ ಹೊತ್ತಿನ ಮನಸ್ಥಿತಿಯ ಚಿತ್ರವಷ್ಟೇ.

ಎರಡೂ ಜಗಳವಾಡಿದಾಗ

ಹೊಳಹು ಒಂದು ಹೇಳುತ್ತದೆ, ಹಾಳೆಯ ಮೇಲಿನ ಲೆಕ್ಕ ಇನ್ನೊಂದು ಹೇಳುತ್ತದೆ. ಆಗ ಗೆಲ್ಲುವವರನ್ನು ಆರಿಸುವ ಆತುರ ಬೇಡ. ಈ ಜಗಳವೇ ನಿಮ್ಮ ಬಳಿಯಿರುವ ಅತ್ಯಂತ ಬೆಲೆಯುಳ್ಳ ಮಾಹಿತಿ, ಏಕೆಂದರೆ ಇಬ್ಬರಲ್ಲಿ ಒಬ್ಬರಿಗೆ ಕಂಡದ್ದು ಇನ್ನೊಬ್ಬರಿಗೆ ಕಂಡಿಲ್ಲ ಎಂಬುದನ್ನು ಅದು ಸಾರುತ್ತಿದೆ.

ಮೊದಲು ಹೊಳಹನ್ನು ವಿಚಾರಿಸಿ: ನಾನು ಕೇಳಿದ ಪ್ರಶ್ನೆಗೇ ಇದು ಉತ್ತರವೇ? ಹೊಳಹು ಎಷ್ಟೋ ಸಲ ಕಷ್ಟದ ಪ್ರಶ್ನೆಯ ಬದಲು ಪಕ್ಕದಲ್ಲಿರುವ ಸುಲಭದ ಪ್ರಶ್ನೆಗೆ ಉತ್ತರ ಕೊಟ್ಟು ಸುಮ್ಮನಾಗುತ್ತದೆ. ಗೆರ್ಡ್ ಗಿಗರೆನ್ಸರ್ ಮತ್ತು ಉಲ್ರಿಕ್ ಹಾಫ್ರಾಗ 1995ರಲ್ಲಿ ಚರ್ಚಿಸಿದ ಉದಾಹರಣೆಯನ್ನು ತೆಗೆದುಕೊಳ್ಳಿ. ರೋಗವೊಂದು ಶೇಕಡಾ 1ರಷ್ಟು ಮಂದಿಗೆ ಇದೆ. ರೋಗವಿದ್ದವರಲ್ಲಿ ಶೇಕಡಾ 80 ಮಂದಿಗೆ ಪರೀಕ್ಷೆ ಪಾಸಿಟಿವ್ ಎನ್ನುತ್ತದೆ. ರೋಗವಿಲ್ಲದವರಲ್ಲೂ ಶೇಕಡಾ 9.6 ಮಂದಿಗೆ ತಪ್ಪಾಗಿ ಪಾಸಿಟಿವ್ ಎನ್ನುತ್ತದೆ. ಪಾಸಿಟಿವ್ ಬಂದವರಿಗೆ ರೋಗವಿರುವ ಸಾಧ್ಯತೆ ಎಷ್ಟು? ಹೊಳಹು ಎಪ್ಪತ್ತು, ಎಂಬತ್ತು ಎನ್ನುತ್ತದೆ, ಅಂದರೆ "ರೋಗವಿದ್ದವರಿಗೆ ಪಾಸಿಟಿವ್ ಬರುವ ಸಾಧ್ಯತೆ ಎಷ್ಟು" ಎಂಬ ಬೇರೆಯದೇ ಪ್ರಶ್ನೆಯ ಉತ್ತರವನ್ನು ತಂದು ಮುಂದಿಡುತ್ತದೆ. ಈಗ ಶೇಕಡಾವಾರನ್ನು ಬಿಟ್ಟು ತಲೆಗಳನ್ನು ಎಣಿಸಿ. 1000 ಮಂದಿಯಲ್ಲಿ 10 ಮಂದಿಗೆ ರೋಗವಿದೆ, ಅವರಲ್ಲಿ 8 ಮಂದಿಗೆ ಪಾಸಿಟಿವ್. ಉಳಿದ 990 ಮಂದಿಯಲ್ಲಿ ಸುಮಾರು 95 ಮಂದಿಗೂ ಪಾಸಿಟಿವ್. ಒಟ್ಟು 103 ಪಾಸಿಟಿವ್‌ಗಳಲ್ಲಿ ನಿಜವಾದ ರೋಗಿಗಳು 8, ಅಂದರೆ ಶೇಕಡಾ 8ಕ್ಕೂ ಸ್ವಲ್ಪ ಕಡಿಮೆ.

ಇಲ್ಲಿ ಗಮನಿಸಬೇಕಾದದ್ದು ಉತ್ತರಕ್ಕಿಂತಲೂ ಹೆಚ್ಚಾಗಿ, ಅದು ಈಗ ಮನಸ್ಸಿಗೆ ಒಪ್ಪಿಗೆಯಾಗುವ ಬಗೆ. ಸೂತ್ರಕ್ಕೆ ಅಂಕಿಗಳನ್ನು ತುಂಬಿಸಿದ್ದರೂ ಇದೇ ಉತ್ತರ ಬರುತ್ತಿತ್ತು, ಆದರೆ ಹೊಳಹು ಮೂಲೆಯಲ್ಲಿ ಕುಳಿತು ಗೊಣಗುತ್ತಲೇ ಇರುತ್ತಿತ್ತು. ತಲೆಗಳನ್ನು ಎಣಿಸಿದಾಗ ಅದೇ ಒಪ್ಪುತ್ತದೆ. ಬಾಗಿಲುಗಳ ಒಗಟೆಂದು ಹೆಸರಾದುದಕ್ಕೂ ಇದೇ ಮದ್ದು: ಮೂರು ಬಾಗಿಲುಗಳಲ್ಲಿ ಒಂದರ ಹಿಂದೆ ಬಹುಮಾನವಿದೆ, ನೀವು ಒಂದನ್ನು ಆರಿಸಿದ ಮೇಲೆ, ಬಹುಮಾನ ಎಲ್ಲಿದೆಯೆಂದು ಬಲ್ಲ ನಡೆಸುವವನು ಉಳಿದೆರಡರಲ್ಲಿ ಖಾಲಿಯಿರುವ ಒಂದನ್ನು ತೆರೆದು, ಬದಲಿಸುತ್ತೀರಾ ಎಂದು ಕೇಳುತ್ತಾನೆ. ಬದಲಿಸಿದರೆ ಗೆಲುವಿನ ಸಾಧ್ಯತೆ ಮೂರರಲ್ಲಿ ಎರಡು ಎಂದು ಮರಿಲಿನ್ ವಾಸ್ ಸವಂತ್ 1990ರಲ್ಲಿ ಬರೆದಾಗ ಸಾವಿರಾರು ವಿರೋಧದ ಪತ್ರಗಳು ಬಂದವು, ಬರೆದವರಲ್ಲಿ ಗಣಿತದ ಅಧ್ಯಾಪಕರೂ ಇದ್ದರು. ಬಾಗಿಲುಗಳನ್ನು ನೂರಕ್ಕೆ ಏರಿಸಿ, ನಡೆಸುವವನು 98 ಖಾಲಿ ಬಾಗಿಲುಗಳನ್ನು ತೆರೆಯುವುದನ್ನು ಕಲ್ಪಿಸಿಕೊಳ್ಳಿ. ಉಳಿದಿರುವ ಆ ಒಂದು ಬಾಗಿಲು ತಾನಾಗಿಯೇ ಎದ್ದು ಕಾಣುತ್ತದೆ. ತರ್ಕ ಹೇಳಿದ್ದು ಒಗ್ಗದಿದ್ದಾಗಲೆಲ್ಲ ಅಂಕಿಗಳನ್ನು ಹಿಗ್ಗಿಸಿ, ಕುಗ್ಗಿಸಿ, ಎಣಿಸಬಹುದಾದ ವಸ್ತುಗಳಾಗಿ ಬದಲಿಸಿ ನೋಡುವುದನ್ನು ರೂಢಿಮಾಡಿಕೊಳ್ಳಿ. ಒಮ್ಮೆ ಹೀಗೆ ಒಪ್ಪಿಸಿದ ಹೊಳಹು ಮುಂದಿನ ಇಂತಹ ಪ್ರಶ್ನೆಗೆ ಸ್ವಲ್ಪ ಹೆಚ್ಚು ಓದಿಕೊಂಡು ಬಂದಿರುತ್ತದೆ.

ತರ್ಕವನ್ನೂ ವಿಚಾರಣೆಗೆ ಕರೆಯಬೇಕು. ಒಂದಕ್ಕೊಂದು ಸಮನಾದ ಎರಡು ಸಂಖ್ಯೆಗಳಿಂದ ಹೊರಟು, ಬೀಜಗಣಿತದ ನಾಲ್ಕೈದು ಸಾಲುಗಳಲ್ಲಿ 1 ಮತ್ತು 2 ಸಮವೆಂದು ತೋರಿಸುವ ಹಳೆಯ ಚಮತ್ಕಾರವನ್ನು ಹೈಸ್ಕೂಲಿನಲ್ಲಿ ಕಂಡವರಿರಬಹುದು. ಪ್ರತಿ ಸಾಲೂ ಸರಿಯಾಗಿಯೇ ಕಾಣುತ್ತದೆ, ಕೊನೆಯದು ಮಾತ್ರ ಅಸಂಬದ್ಧ. ಆ ಅಸಂಬದ್ಧತೆಯ ಭಾವನೆಯನ್ನು ನಂಬಿ ಹಿಂದಕ್ಕೆ ನಡೆದವರಿಗೆ, ಒಂದು ಸಾಲಿನಲ್ಲಿ ಸೊನ್ನೆಯಿಂದ ಭಾಗಿಸಿರುವುದು ಸಿಗುತ್ತದೆ. ಬದುಕಿನ ವಾದಗಳಲ್ಲೂ ಹೀಗೆಯೇ ಮಾಡಿ. ವಾದದ ನಡುಭಾಗದಲ್ಲಿರುವ ಹೆಜ್ಜೆಯನ್ನು ತೆಗೆದುಕೊಂಡು, ಅದನ್ನು ಮಾತ್ರ ಪ್ರತ್ಯೇಕವಾಗಿ ಹಾಳೆಯ ಮೇಲೆ ಬರೆದು, ಇಲ್ಲಿಯವರೆಗೆ ಒಪ್ಪುತ್ತೇನೆಯೇ ಎಂದು ಕೇಳಿಕೊಳ್ಳಿ. ಒಪ್ಪಿದರೆ ದೋಷ ಉತ್ತರಾರ್ಧದಲ್ಲಿದೆ, ಇಲ್ಲದಿದ್ದರೆ ಪೂರ್ವಾರ್ಧದಲ್ಲಿ. ಆ ಅರ್ಧವನ್ನು ಮತ್ತೆ ಅರ್ಧ ಮಾಡಿ. ಹದಿನಾರು ಹೆಜ್ಜೆಯ ವಾದದಲ್ಲಿ ನಾಲ್ಕೇ ಸಲಕ್ಕೆ ಮನಸ್ಸು ಕಚ್ಚಿಕೊಂಡ ಜಾಗ ಸಿಗುತ್ತದೆ. ಅಲ್ಲಿ ದೋಷವಿಲ್ಲವೆಂದು ಖಚಿತವಾದರೆ, ತಿದ್ದಿಕೊಳ್ಳಬೇಕಾದದ್ದು ಹೊಳಹು. ಅಂದಹಾಗೆ, ಒಂದು ಹೆಜ್ಜೆಯಿಂದ ಇನ್ನೊಂದು ಹೆಜ್ಜೆ ನಿಜವಾಗಿಯೂ ಹೊರಡುತ್ತದೆ ಎಂಬುದನ್ನು ಕೊನೆಗೆ "ಕಾಣುವುದು" ಕೂಡ ಹೊಳಹೇ; ದೀರ್ಘ ವಾದದ ಸರಪಳಿಯನ್ನು ಮನಸ್ಸು ಹೆಚ್ಚುಕಡಿಮೆ ಒಂದೇ ನೋಟಕ್ಕೆ ಹಿಡಿಯುವವರೆಗೆ ಮತ್ತೆ ಮತ್ತೆ ಓಡಿಸಬೇಕೆಂದು 17ನೇ ಶತಮಾನದಲ್ಲಿ ತತ್ತ್ವಜ್ಞಾನಿ ಡೆಕಾರ್ಟ್ ಹೇಳಿದ್ದು ಇದಕ್ಕಾಗಿಯೇ.

ನಿಶ್ಚಯದ ಭಾವನೆಯನ್ನು ಎಷ್ಟು ನಂಬಬೇಕು ಎಂಬುದಕ್ಕೆ ಇಬ್ಬರು ಗಣಿತಜ್ಞರನ್ನು ಅಕ್ಕಪಕ್ಕ ಇಟ್ಟು ನೋಡುವುದು ಒಳ್ಳೆಯದು. ತಮ್ಮನ್ನು ಕಾಡುತ್ತಿದ್ದ ವಿಷಯದ ಮುಖ್ಯ ಸಂಬಂಧವೊಂದು, ಕುದುರೆ ಬಂಡಿಯ ಮೆಟ್ಟಿಲ ಮೇಲೆ ಕಾಲಿಟ್ಟ ಕ್ಷಣದಲ್ಲಿ ಪೂರ್ಣ ನಿಶ್ಚಯದೊಂದಿಗೆ ಹೊಳೆದುದನ್ನು ಆನ್ರಿ ಪ್ವಾಂಕಾರೆ ವಿವರಿಸಿದ್ದಾರೆ. ಊರಿಗೆ ಮರಳಿದ ಮೇಲೆ ಅವರು ಅದನ್ನು ಪರಿಶೀಲಿಸಿದರು, ಅದು ಸರಿಯಾಗಿತ್ತು. ಶ್ರೀನಿವಾಸ ರಾಮಾನುಜನ್ 1913ರಲ್ಲಿ ಇಂಗ್ಲೆಂಡಿನ ಗಣಿತಜ್ಞ ಹಾರ್ಡಿಗೆ ಬರೆದ ಪತ್ರಗಳಲ್ಲಿ ಬೆರಗುಗೊಳಿಸುವ ಸತ್ಯಗಳ ಜೊತೆಗೆ, ಅವಿಭಾಜ್ಯ ಸಂಖ್ಯೆಗಳ ಹಂಚಿಕೆಯ ಬಗ್ಗೆ ತಪ್ಪಾದ ಹೇಳಿಕೆಗಳೂ ಇದ್ದವು, ಅವುಗಳನ್ನೂ ಅವರು ಅಷ್ಟೇ ಭರವಸೆಯಿಂದ ಬರೆದಿದ್ದರು. ಅಂತಹ ಮನಸ್ಸಿನಲ್ಲೂ ಸರಿಯಾದ ಹೊಳಹಿಗೂ ತಪ್ಪಾದ ಹೊಳಹಿಗೂ ಒಳಗಿನ ಮೊಹರು ಒಂದೇ ಆಗಿತ್ತು. "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು" ಎಂಬ ಗಾದೆಯನ್ನು ಹೊಳೆದದ್ದಕ್ಕೂ ಅನ್ವಯಿಸಿಕೊಳ್ಳಬಹುದು.

ತರ್ಕವನ್ನು ದೂರವಿಡಬೇಕಾದ ಕಡೆಗಳೂ ಇವೆ. ಕೈಗೆ ಪಳಗಿದ ಚಲನೆಯನ್ನು ನಡುವೆ ನಿಲ್ಲಿಸಿ ಪ್ರತಿ ಹಂತವನ್ನೂ ಗಮನಿಸಹೊರಟರೆ ಕೆಲಸ ಕೆಡುತ್ತದೆ. ಕೇವಲ ಇಷ್ಟಾನಿಷ್ಟದ ವಿಷಯದಲ್ಲಿ ಕಾರಣಗಳನ್ನು ಅಗೆಯುವುದರಿಂದ ಏನಾಗುತ್ತದೆ ಎಂಬುದನ್ನು ಚಿತ್ರಗಳ ಪ್ರಯೋಗದಲ್ಲಿ ಕಂಡಿದ್ದೇವೆ.

ತರ್ಕದ ಚೌಕಟ್ಟಿನಲ್ಲಿ ಹೊಳಹನ್ನು ಕರೆಯುವುದು

ಕ್ಲೈನ್ ಪ್ರಚಾರಕ್ಕೆ ತಂದ ಒಂದು ಅಭ್ಯಾಸ ಎರಡನ್ನೂ ಒಂದೇ ನೊಗಕ್ಕೆ ಕಟ್ಟುತ್ತದೆ. ಯೋಜನೆ ಸಿದ್ಧವಾದ ಮೇಲೆ, ಆರಂಭಿಸುವ ಮುನ್ನ, ಒಂದು ವರ್ಷ ಕಳೆದಿದೆ, ಯೋಜನೆ ಸಂಪೂರ್ಣವಾಗಿ ನೆಲಕಚ್ಚಿದೆ ಎಂದು ಕಲ್ಪಿಸಿಕೊಳ್ಳಿ. ಐದು ನಿಮಿಷಗಳಲ್ಲಿ, ಅದು ಏಕೆ ಸೋತಿತು ಎಂಬ ಕಥೆಯನ್ನು ಬರೆಯಿರಿ. "ಇದು ಸೋಲಬಹುದೇ" ಎಂದು ಕೇಳಿದರೆ ಮನಸ್ಸು ಯೋಜನೆಯ ಪರ ನಿಲ್ಲುತ್ತದೆ. "ಸೋತಿದೆ, ಏಕೆ" ಎಂದು ಕೇಳಿದರೆ ಅದುವರೆಗೆ ಬಾಯಿಬಿಡದ ಕಸಿವಿಸಿಗಳು ಹೊರಬರುತ್ತವೆ. ಹಲವರು ಸೇರಿ ನಿರ್ಧರಿಸುವುದಾದರೆ ಪ್ರತಿಯೊಬ್ಬರೂ ತಮ್ಮ ಹಾಳೆಯನ್ನು ಬೇರೆಬೇರೆಯಾಗಿ ಬರೆದು ಮುಗಿಸಲಿ, ಆಮೇಲೆ ಓದಲಿ. ಮೊದಲು ಮಾತನಾಡಿದವರ ಹೊಳಹೇ ಎಲ್ಲರ ಹೊಳಹಾಗಿಬಿಡುವುದನ್ನು ತಡೆಯಲು ನನಗೆ ತಿಳಿದ ದಾರಿ ಇದೊಂದೇ.

ಲೆಕ್ಕದ ಪುಸ್ತಕ

ಆರಂಭದಲ್ಲಿ ಬರೆದಿಟ್ಟ "ನನಗೆ" ವಾಕ್ಯಗಳು ಈಗ ಕೆಲಸಕ್ಕೆ ಬರುತ್ತವೆ. ಫಲಿತಾಂಶ ತಿಳಿದ ದಿನ ಪ್ರತಿಯೊಂದರ ಮುಂದೆ ಸರಿ ಅಥವಾ ತಪ್ಪು ಎಂದು ಗುರುತಿಸಿ. ಹವಾಮಾನ ಶಾಸ್ತ್ರಜ್ಞ ಗ್ಲೆನ್ ಬ್ರಯರ್ 1950ರಲ್ಲಿ ಸೂಚಿಸಿದ ಅಳತೆಯನ್ನು ಬಳಸುವುದು ಸುಲಭ: ನಿಮ್ಮ ಭರವಸೆಯನ್ನು ಸೊನ್ನೆಯಿಂದ ಒಂದರ ನಡುವಿನ ಸಂಖ್ಯೆಯಾಗಿ ಬರೆದು, ಆದದ್ದಕ್ಕೆ 1, ಆಗದ್ದಕ್ಕೆ 0 ಎಂದಿಟ್ಟು, ಎರಡರ ವ್ಯತ್ಯಾಸವನ್ನು ವರ್ಗ ಮಾಡುವುದು. 0.7 ಎಂದಿದ್ದು ನಡೆದರೆ 0.09, ನಡೆಯದಿದ್ದರೆ 0.49. ಎಲ್ಲದಕ್ಕೂ ಅರ್ಧಕ್ಕರ್ಧ ಎಂದವರಿಗೆ ಸರಾಸರಿ 0.25 ಬರುತ್ತದೆ, ನಿಮ್ಮ ಸರಾಸರಿ ಅದಕ್ಕಿಂತ ಹೆಚ್ಚಿದ್ದರೆ ಆ ವಿಷಯದಲ್ಲಿ ನಿಮ್ಮ ಹೊಳಹು ನಾಣ್ಯ ಚಿಮ್ಮುವುದಕ್ಕಿಂತ ಕೆಳಗಿದೆ. ಮಳೆಯ ಮುನ್ಸೂಚನೆ ಕೊಡುವವರ ಅಂದಾಜು ಸಾಮಾನ್ಯವಾಗಿ ಹದವಾಗಿರುವುದಕ್ಕೆ ಒಂದು ಕಾರಣ, ಅವರು ಪ್ರತಿದಿನ ಅಂಕಿ ಹೇಳಿ ಮರುದಿನವೇ ಉತ್ತರ ಪಡೆಯುವುದು.

ಇಪ್ಪತ್ತು ಮೂವತ್ತು ನಮೂದುಗಳಾದ ಮೇಲೆ ಅವುಗಳನ್ನು ವಿಷಯದ ಪ್ರಕಾರ ವಿಂಗಡಿಸಿ. ಒಟ್ಟು ಸರಾಸರಿಯಿಂದ ತಿಳಿಯುವುದು ಕಡಿಮೆ. ನನ್ನ ಪುಸ್ತಕದಲ್ಲಿ, ಒಂದು ಕೆಲಸಕ್ಕೆ ಬೇಕಾಗುವ ಕಾಲದ ಬಗೆಗಿನ ಹೊಳಹುಗಳು ನಾನು ಅಂದುಕೊಂಡಿದ್ದಕ್ಕಿಂತ ಸ್ಪಷ್ಟವಾಗಿ ಕೆಟ್ಟದಾಗಿದ್ದವು, ಬರಹವೊಂದರಲ್ಲಿ ಎಲ್ಲೋ ಸುಳ್ಳಿದೆ ಎಂಬ ಕಸಿವಿಸಿ ಅಂದುಕೊಂಡಿದ್ದಕ್ಕಿಂತ ಚೆನ್ನಾಗಿತ್ತು, ಹೊಸಬರ ಬಗೆಗಿನ ಮೊದಲ ಅನಿಸಿಕೆಗಳಲ್ಲಿ ಅರ್ಧದಷ್ಟನ್ನು ಸರಿ ಅಥವಾ ತಪ್ಪು ಎಂದು ಗುರುತಿಸುವುದೇ ಆಗಲಿಲ್ಲ, ಏಕೆಂದರೆ ಏನು ನಡೆದರೆ ಅವು ಸುಳ್ಳಾಗುತ್ತವೆ ಎಂಬುದನ್ನು ನಾನು ಬರೆದಿರಲಿಲ್ಲ. ಅಂತಹ ನಮೂದುಗಳನ್ನು ಅಳಿಸಬೇಡಿ, ಸರಿಯ ಲೆಕ್ಕಕ್ಕೂ ಸೇರಿಸಬೇಡಿ. ಪಕ್ಕದಲ್ಲಿ ಅಡ್ಡಗೆರೆ ಎಳೆದು, ಮುಂದಿನ ಸಲ ಅದೇ ಬಗೆಯ ಹೊಳಹು ಬಂದಾಗ ಆ ಖಾಲಿ ಬಿಟ್ಟ ಜಾಗವನ್ನು ಮೊದಲು ತುಂಬಿಸಿ.